ಕುದ್ರೋಳಿಗೆ ಒಂದು ಪುಟ

ಹೆಣ್ಣು ನೋಡಲು ವರನ ಕಡೆಯವರು ಬರುವರೆಂದು ಗೊತ್ತಾದ ದಿನ ನಮ್ಮ ಮನೆಗಳಲ್ಲಿ ನಡೆಯುವ ಸಡಗರವನ್ನು ವಾಚಕ ಬಂಧುಗಳೆಲ್ಲ ಬಲ್ಲರು. ಅಂಗಳ ಸಾರಿಸಿ ರಂಗವಲ್ಲಿ ಹಾಕುವುದು, ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ತರುವುದು, ಹರಿದ ಚಾಪೆಯನ್ನು ಅಟ್ಟಕ್ಕೆ ಏರಿಸುವುದು, ಮಾತು ಹೆಚ್ಚಾಡುವ ಅಜ್ಜನನ್ನು ಹಿತ್ತಿಲಿಗೆ ಕಳುಹಿಸುವುದು! ಇಂದು ಜಗತ್ತಿನ ಅನೇಕ ರಾಷ್ಟ್ರಗಳು ಪರದೇಶದ ಚಲನಚಿತ್ರ ನಿರ್ಮಾಪಕರ ಎದುರಿನಲ್ಲಿ ಇಂತಹುದೇ ಸಡಗರದಲ್ಲಿ ತೊಡಗಿವೆ. ನಮ್ಮ ಬೆಟ್ಟ ನೋಡಿರಿ, ನಮ್ಮ ಕಡಲು ನೋಡಿರಿ, ನಮ್ಮಲ್ಲಿಯೇ ಬಂದು ಚಿತ್ರ ತೆಗೆಯಿರಿ, ನೀವು ಇಲ್ಲಿ ವ್ಯಯಿಸಿದ ಹಣದಲ್ಲಿ ಒಂದು ಪಾಲನ್ನು ನಾವೇ ಹಿಂದಿರುಗಿಸುತ್ತೇವೆ ಎಂದು ಬಣ್ಣಬಣ್ಣದ ಪುಸ್ತಿಕೆಗಳನ್ನು ಹಿಡಿದು ಚಿತ್ರೋತ್ಸವಗಳ ಸಂತೆಯಲ್ಲಿ ಮಳಿಗೆ ತೆರೆದು ಕುಳಿತಿವೆ. ಈ ಕೆಲಸಕ್ಕೆಂದೇ ನೇಮಕಗೊಂಡ ಅಧಿಕಾರಿಗಳ ಅಂತರರಾಷ್ಟ್ರೀಯ ಸಂಘವೊಂದು 1975ರಲ್ಲಿಯೇ ಹುಟ್ಟಿಕೊಂಡಿತೆಂದರೆ ಇದು ನಿನ್ನೆ ಮೊನ್ನೆಯ ವ್ಯವಹಾರವಲ್ಲವೆಂಬುದು ವೇದ್ಯವಾಗುತ್ತದೆ.

ನಮ್ಮ ದೇಶವು ಈ ಸಂತೆಗೆ ಸ್ವಲ್ಪ ತಡವಾಗಿಯೇ ಹೋಯಿತು. ಹಿಂದೆ ಹೊರದೇಶದವರು ಇಲ್ಲಿ ಕಥಾಚಿತ್ರ ತೆಗೆಯಬೇಕಾದರೆ ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಚಿತ್ರಕಥೆಯನ್ನು ಒಪ್ಪಿಸಿ ಕಾದು ಕೂಡಬೇಕಾಗಿತ್ತು. ಅಲ್ಲಿ ಅನುಮತಿ ದೊರೆತ ಮೇಲೆ ರಾಜ್ಯ ಸರ್ಕಾರ, ಪೊಲೀಸರು, ಅರಣ್ಯ ಇಲಾಖೆ, ಪುರಾತತ್ತ್ವ ಇಲಾಖೆ ಎಂದು ಒಂದೊಂದು ಬಾಗಿಲನ್ನೂ ಬೇರೆ ಬೇರೆಯಾಗಿ ತಟ್ಟಬೇಕಾಗಿತ್ತು. 2015ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಆಶ್ರಯದಲ್ಲಿ ಇದಕ್ಕೆಂದೇ ಒಂದು ಕಚೇರಿ ತೆರೆಯಿತು. 2022ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಮಾರುಕಟ್ಟೆಯಲ್ಲಿ ಭಾರತವು ಗೌರವ ರಾಷ್ಟ್ರವಾಗಿದ್ದಾಗ, ವಿದೇಶೀ ಚಿತ್ರಗಳು ಇಲ್ಲಿ ಮಾಡುವ ಅರ್ಹ ವೆಚ್ಚದ ಶೇಕಡಾ 30ರಷ್ಟನ್ನು, 2 ಕೋಟಿ ರೂಪಾಯಿಗಳ ಮಿತಿಗೆ ಒಳಪಟ್ಟು, ಹಿಂದಿರುಗಿಸುವುದಾಗಿ ಪ್ರಕಟವಾಯಿತು. ಇಷ್ಟು ಸಣ್ಣ ಮಿತಿಗೆ ದೊಡ್ಡ ನಿರ್ಮಾಪಕರು ಒಲಿಯುವರೇ? ಮರುವರ್ಷ, 2023ರ ನವೆಂಬರಿನಲ್ಲಿ ಗೋವೆಯ ಚಿತ್ರೋತ್ಸವದಲ್ಲಿ, ಪ್ರಮಾಣವನ್ನು ಶೇಕಡಾ 40ಕ್ಕೂ ಮಿತಿಯನ್ನು 30 ಕೋಟಿಗೂ ಏರಿಸಲಾಯಿತು. ಚಿತ್ರದಲ್ಲಿ ಭಾರತೀಯ ವಸ್ತು ಗಣನೀಯವಾಗಿದ್ದರೆ ಇನ್ನೂ ಶೇಕಡಾ 5 ಉಂಟು. ಎಂದರೆ, ಹೊರಗಿನ ನಿರ್ಮಾಪಕನೊಬ್ಬನು ನಮ್ಮಲ್ಲಿ ನಿಯಮಕ್ಕೆ ಸಲ್ಲುವಂತೆ 10 ಕೋಟಿ ಖರ್ಚು ಮಾಡಿದರೆ 4 ಕೋಟಿ ಅವನಿಗೆ ಮರಳುತ್ತದೆ. ಉಳಿದ 6 ಕೋಟಿ ನಮ್ಮ ಬಡಗಿ, ಅಡುಗೆಯವ, ಬಾಡಿಗೆ ಕಾರಿನ ಚಾಲಕ, ವಸತಿಗೃಹದ ಮಾಲೀಕ ಇವರ ಕೈಗಳಲ್ಲಿ ಉಳಿಯುತ್ತದೆಂಬುದು ಲೆಕ್ಕ.

ಲೆಕ್ಕದಲ್ಲಿ ತಪ್ಪಿಲ್ಲ. ಸ್ವಿಟ್ಜರ್ಲೆಂಡಿನವರು ಹಿಂದೀ ಚಿತ್ರಗಳಿಂದ ತಮ್ಮ ಹಿಮದ ಬೆಟ್ಟಗಳಿಗೆ ದೊರೆತ ಪ್ರವಾಸಿಗಳನ್ನು ನೆನೆದು, ನಿರ್ಮಾಪಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ 2016ರಲ್ಲಿ ಇಂಟರ್ಲಾಕನ್ ಪಟ್ಟಣದಲ್ಲಿ ನಿಲ್ಲಿಸಿದರು. ನಮ್ಮ ಕನ್ನಡಿಗರೂ ಹಿಂದೆ ಬಿದ್ದವರಲ್ಲ. 1978ರಲ್ಲಿ ದ್ವಾರಕೀಶ್ ಮತ್ತು ವಿಷ್ಣುವರ್ಧನ್ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ ಚಿತ್ರಕ್ಕಾಗಿ ಕಡಲು ದಾಟಿದರು. ಮುಂದೆ ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ ಬಂದಾಗ ನಮ್ಮ ಹಳ್ಳಿಗಳ ಟೆಂಟುಗಳಲ್ಲಿ ಕುಳಿತವರೂ ಆ ದೇಶದ ಹೆದ್ದಾರಿಗಳನ್ನು ಕಂಡು ಬೆರಗಾದರು. ಅಲ್ಲಿಯವರು ಇಲ್ಲಿಗೆ ಬರಲಿ ಎಂದು ಆಶಿಸುವುದರಲ್ಲಿ ಅನ್ಯಾಯವೇನಿದೆ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿದ್ದುಕೊಂಡು ಹೊರಗಿನ ಚಿತ್ರತಂಡಗಳಿಗೆ ತಾಣ, ವಸತಿ, ಪರವಾನಗಿಗಳನ್ನು ಒದಗಿಸುವುದು ಅವನ ವೃತ್ತಿ. ಕರ್ನಾಟಕದ ಐವತ್ತು ತಾಣಗಳಿಗೆ ತಲಾ ಒಂದು ಪುಟದಂತೆ ಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿರುವ ಅವನಿಗೆ ಸ್ಥಳದ ಇತಿಹಾಸವನ್ನು ನಾಲ್ಕು ಸಾಲಿನಲ್ಲಿ ಬರೆದುಕೊಡುವವರು ಬೇಕಾಗಿದ್ದರು. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯಗಳನ್ನು ಓದಿ, ಬಾಳಿನ ಬಹುಭಾಗವನ್ನು ತಾಳೆಯೋಲೆಗಳ ನಡುವೆ ಕಳೆದ ನನ್ನಂತಹವನಿಗೆ ಸಿನಿಮಾದವರ ಕೆಲಸವೇ ಎಂದೆ. “ಮಾವ, ಊರಿನ ವಿಷಯ ಊರು ತಿಳಿದವರು ಬರೆದರೆ ಚೆನ್ನ. ನೀವು ಬರೆಯದಿದ್ದರೆ ಇನ್ಯಾರೋ ತಪ್ಪು ತಪ್ಪಾಗಿ ಬರೆಯುತ್ತಾರೆ” ಎಂದನು. ಆ ಮಾತು ನನ್ನನ್ನು ಒಪ್ಪಿಸಿತು. ಹೀಗಾಗಿ ನವರಾತ್ರಿಯ ನಾಲ್ಕನೆಯ ದಿನ ನಾವಿಬ್ಬರೂ ಘಟ್ಟ ಇಳಿದು ಮಂಗಳೂರು ಸೇರಿ, ಕುದ್ರೋಳಿಯಲ್ಲಿ ಮೂರು ದಿನ ಅಡ್ಡಾಡಿದೆವು.

ಕುದ್ರೋಳಿಯು ಮಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಗುರುಪುರ ನದಿಯ ಬದಿಗೆ ಇರುವ ಬಡಾವಣೆ. ಫಲ್ಗುಣಿ ಎಂಬ ಹೆಸರೂ ಉಳ್ಳ ಈ ನದಿ ಕಡಲಿನ ಸಮೀಪ ಬಂದ ಮೇಲೂ ಒಡನೆಯೇ ಕಡಲು ಸೇರದೆ, ನಡುವೆ ಮರಳಿನ ಒಂದು ನೀಳ ಪಟ್ಟಿಯನ್ನು ಬಿಟ್ಟು, ತೀರಕ್ಕೆ ಸಮಾಂತರವಾಗಿ ದಕ್ಷಿಣಕ್ಕೆ ಹರಿದು, ಬೆಂಗರೆಯ ಬಳಿ ನೇತ್ರಾವತಿಯೊಡನೆ ಸಮುದ್ರವನ್ನು ಕೂಡುತ್ತದೆ. ಈ ಕಾರಣದಿಂದ ಕುದ್ರೋಳಿಯಲ್ಲಿ ನಿಂತವನಿಗೆ ಕಡಲ ಗಾಳಿ ಉಂಟು, ಕಡಲ ಉಪ್ಪು ಉಂಟು, ಕಡಲು ಮಾತ್ರ ಕಾಣದು. ಓಣಿಗಳು ಇಕ್ಕಟ್ಟಾದವು. ಕೆಂಪು ಹೆಂಚಿನ ಹಳೆಯ ಮನೆಗಳು ಬಹುಮಹಡಿಗಳ ನಡುವೆ ಅಲ್ಲಲ್ಲಿ ಉಳಿದಿವೆ. ಮಸೀದಿಯ ಬಾಂಗು, ಭಗವತೀ ಕ್ಷೇತ್ರದ ಚೆಂಡೆ, ಮೀನು ಮಾರುವ ಹೆಂಗಸರ ತುಳು, ಬ್ಯಾರಿ ವರ್ತಕರ ಮಾತು ಇವೆಲ್ಲ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಮಂಗಳೂರು ಹೆಂಚಿಗೆ ಜಗತ್ತಿನಲ್ಲಿ ಹೆಸರು ತಂದ ಬಾಸೆಲ್ ಮಿಷನ್ನಿನವರ ಹೆಂಚಿನ ಕಾರ್ಖಾನೆಗಳಲ್ಲಿ ಒಂದು ಇಲ್ಲಿಯೇ ಇದ್ದಿತು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನವರು ಮುಂದೆ ಇಲ್ಲಿನ ಜನರ, ಬೀದಿಗಳ ಛಾಯಾಚಿತ್ರಗಳನ್ನು ತೆಗೆದು ತಮ್ಮ ನಾಡಿಗೆ ಕಳುಹಿಸುತ್ತಿದ್ದರು. ಆ ಸಂಗ್ರಹ ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಭದ್ರವಾಗಿದೆ. ಪರದೇಶದ ಕ್ಯಾಮರಾ ತುಳುನಾಡಿಗೆ ಹೊಸದೆಂದು ಯಾರೂ ಭಾವಿಸಬೇಕಿಲ್ಲ.

ಊರಿನ ಕೀರ್ತಿ ನಿಂತಿರುವುದು ಗೋಕರ್ಣನಾಥೇಶ್ವರ ದೇವಾಲಯದ ಮೇಲೆ. ಚೋಳ ಶೈಲಿಯ ಎತ್ತರದ ಗೋಪುರ, ಥಳಥಳಿಸುವ ಬಣ್ಣ, ಪ್ರಾಕಾರದ ಸುತ್ತ ಪುರಾಣಪ್ರತಿಮೆಗಳು. ಶಿಲ್ಪಶಾಸ್ತ್ರದ ದೃಷ್ಟಿಯಿಂದ ನೋಡುವ ನನ್ನಂತಹವನಿಗೆ ಈ ಬಣ್ಣಗಾರಿಕೆ ಸ್ವಲ್ಪ ಅತಿಯೆನ್ನಿಸಿತು. ಬಾದಾಮಿ, ಐಹೊಳೆಗಳ ಮೌನವಾದ ಕಲ್ಲನ್ನು ಕಂಡ ಕಣ್ಣು ಇಲ್ಲಿ ಒಮ್ಮೆ ಮಿಟುಕುತ್ತದೆ. ಆದರೆ ದೇವಾಲಯದ ಹುಟ್ಟನ್ನು ತಿಳಿದವನು ಈ ಬಣ್ಣವನ್ನು ಟೀಕಿಸುವ ಮುನ್ನ ಎರಡು ಸಲ ಯೋಚಿಸುವನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಿಲ್ಲವ ಸಮಾಜದವರಿಗೆ ಇಲ್ಲಿನ ದೇವಾಲಯಗಳ ಒಳಗೆ ಪ್ರವೇಶವಿರಲಿಲ್ಲ. ಆ ಸಮಾಜದ ಮುಂದಾಳು ಹೊೈಗೆಬಜಾರಿನ ಕೊರಗಪ್ಪನವರ ನೇತೃತ್ವದಲ್ಲಿ ಹಿರಿಯರು ಕೇರಳಕ್ಕೆ ಹೋಗಿ ಶ್ರೀ ನಾರಾಯಣ ಗುರುಗಳನ್ನು ಪ್ರಾರ್ಥಿಸಿದರು. ಗುರುಗಳು ಮಂಗಳೂರಿಗೆ ಬಂದು, ಕುದ್ರೋಳಿಯ ಈ ಸ್ಥಳವನ್ನು ಆರಿಸಿ, 1912ರಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು. ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ ಬಿ. ಜನಾರ್ದನ ಪೂಜಾರಿಯವರ ಮುಂದಾಳತ್ವದಲ್ಲಿ ದೇವಾಲಯವು ಇಂದಿನ ರೂಪದಲ್ಲಿ ನವೀಕರಣಗೊಂಡಿತು. 1991ರಲ್ಲಿ ರಾಜೀವ್ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಹೊರಗೆ ನಿಲ್ಲಿಸಲ್ಪಟ್ಟ ಜನರು ತಾವೇ ಕಟ್ಟಿಕೊಂಡು, ತಮ್ಮನ್ನು ಹೊರಗೆ ನಿಲ್ಲಿಸಿದವರಿಗೂ ಬಾಗಿಲು ತೆರೆದಿಟ್ಟ ದೇವಾಲಯವಿದು. ಅದರ ಬಣ್ಣದಲ್ಲಿ ಒಂದು ಸಂತೋಷವಿದೆ.

ಇದೇ ದೇವಾಲಯದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಲಾಯಿತು. ಮಂಗಳ ಕಾರ್ಯಗಳಿಂದ ವಿಧವೆಯನ್ನು ಬದಿಗೆ ಸರಿಸುವ ಪದ್ಧತಿ ನಮ್ಮ ನಾಡಿನ ಅನೇಕ ಮನೆಗಳಲ್ಲಿ, ಶರಣರ ಹೆಸರನ್ನು ನಿತ್ಯ ಹೇಳುವ ನಮ್ಮ ಮನೆಗಳನ್ನೂ ಸೇರಿಸಿ, ಇನ್ನೂ ಸಂಪೂರ್ಣವಾಗಿ ಅಳಿದಿಲ್ಲವೆಂಬುದನ್ನು ವಾಚಕ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು. ಆದುದರಿಂದ ಈ ನೇಮಕದ ಬೆಲೆಯನ್ನು ನಾನು ಬೇರೆ ವಿವರಿಸಬೇಕಾಗಿಲ್ಲ.

ನವರಾತ್ರಿಯಲ್ಲಿ ಇಲ್ಲಿ ಗಣಪತಿ, ಶಾರದೆ ಮತ್ತು ನವದುರ್ಗೆಯರ ಮಣ್ಣಿನ ಮೂರ್ತಿಗಳನ್ನು ಪೂಜೆಗಿಡುತ್ತಾರೆ. ಕೊನೆಯಲ್ಲಿ ಅವೆಲ್ಲ ಮೆರವಣಿಗೆ ಹೊರಟು, ಹುಲಿವೇಷ, ಯಕ್ಷಗಾನದ ವೇಷ, ಕೇರಳದ ಬಣ್ಣದ ಕೊಡೆ, ಸ್ತಬ್ಧಚಿತ್ರಗಳೊಡನೆ ಮಣ್ಣಗುಡ್ಡೆ, ಲಾಲ್‌ಬಾಗ್, ಹಂಪನಕಟ್ಟೆ, ರಥಬೀದಿಗಳನ್ನು ಸುತ್ತಿ, ಮರುದಿನ ಬೆಳಗ್ಗೆ ಮರಳಿ ಕುದ್ರೋಳಿಗೇ ಬಂದು ದೇವಾಲಯದ ಪುಷ್ಕರಿಣಿಯಲ್ಲಿ ವಿಸರ್ಜನೆಗೊಳ್ಳುತ್ತವೆ. ಮಂಗಳೂರು ದಸರಾ ಎಂದು ನಾಡು ಇದನ್ನು ಕರೆಯುತ್ತದೆ. ನಾವು ಹೋದ ಸಂಜೆ ಬೀದಿಯುದ್ದಕ್ಕೂ ದೀಪದ ತೋರಣ. ಸೋದರಳಿಯನು ಸೂರ್ಯನ ದಿಕ್ಕು, ಗಾಡಿ ನಿಲ್ಲಿಸುವ ಜಾಗ, ವಿದ್ಯುತ್ ಸಂಪರ್ಕ ಎಲ್ಲವನ್ನೂ ಗುರುತು ಮಾಡಿಕೊಳ್ಳುತ್ತಿದ್ದನು. ನಾನು ಕಂಬಕ್ಕೊರಗಿ ಕುಳಿತು ಜನರನ್ನು ನೋಡುತ್ತಿದ್ದೆ. ಸ್ವಯಂಸೇವಕರೊಬ್ಬರು ಹತ್ತಿರ ಬಂದು, “ನೀವು ಘಟ್ಟದ ಮೇಲಿನವರಲ್ವಾ ಮಾರಾಯ್ರೆ? ಊಟ ಉಂಟು, ಊಟ ಮಾಡಿಕೊಂಡೇ ಹೋಗ್ಬೇಕು” ಎಂದರು. ನಾನು ಯಾವ ಜಾತಿ, ಯಾವ ಕೆಲಸಕ್ಕೆ ಬಂದೆ ಎಂಬುದನ್ನು ಅವರು ಕೇಳಲಿಲ್ಲ.

ರಾತ್ರಿ ವಸತಿಗೃಹದಲ್ಲಿ ಸೋದರಳಿಯನು ತನ್ನ ಕರಡನ್ನು ಓದಿ ತೋರಿಸಿದನು. ವಿಮಾನ ನಿಲ್ದಾಣಕ್ಕೆ ದೂರ, ಮಳೆಯ ತಿಂಗಳು, ವಸತಿಗೃಹಗಳ ಸಂಖ್ಯೆ ಇವೆಲ್ಲ ಕ್ರಮವಾಗಿ ಇದ್ದವು. ಕೊನೆಯ ಸಾಲಿನಲ್ಲಿ ಮಾತ್ರ, ಈ ದೇವಾಲಯ ಮತ್ತು ನದೀತೀರವನ್ನು ಥಾಯ್ಲೆಂಡ್ ಅಥವಾ ಇಂಡೋನೇಷ್ಯಾದ ಊರೆಂದು ಸುಲಭವಾಗಿ ತೋರಿಸಬಹುದು ಎಂದು ಬರೆದಿದ್ದನು. ಅದೇಕೆ ಎಂದು ಕೇಳಿದೆ. “ಮಾವ, ಅವರಿಗೆ ಬೇಕಾದದ್ದು ಊರಲ್ಲ, ಊರಿನ ಮುಖ. ಒಂದೇ ಜಾಗ ನಾಲ್ಕು ದೇಶವಾಗಿ ಕಂಡರೆ ನಾಲ್ಕು ಪಟ್ಟು ಗಿರಾಕಿ” ಎಂದನು. ವೃತ್ತಿಯ ದೃಷ್ಟಿಯಿಂದ ಅದು ಸರಿಯಾದ ಮಾತೇ. ನನಗೆ ಮಾತ್ರ ಆ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು. ಅದಕ್ಕೆ ಕಾರಣ ಕುದ್ರೋಳಿಗಿಂತ ಬಹುದೂರದ ಸಾವನದುರ್ಗ.

ಮಾಗಡಿಯ ಸಾವನದುರ್ಗವನ್ನು ನಮ್ಮ ವಾಚಕರಲ್ಲಿ ಅನೇಕರು ಬೆಟ್ಟದ ಬುಡದ ವೀರಭದ್ರಸ್ವಾಮಿಯ ನಿಮಿತ್ತವಾಗಿ ಬಲ್ಲರು. ಪಾಠಶಾಲೆಯ ದಿನಗಳಲ್ಲಿ ನಾವು ಹುಡುಗರು ಅಲ್ಲಿಗೆ ನಡೆದುಕೊಂಡೇ ಹೋದುದುಂಟು. ಇಂಗ್ಲೆಂಡಿನ ಹೆಸರಾಂತ ನಿರ್ದೇಶಕ ಡೇವಿಡ್ ಲೀನ್ ತಮ್ಮ ಕೊನೆಯ ಚಿತ್ರವಾದ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಆರಿಸಿಕೊಂಡದ್ದು ಈ ಬೆಟ್ಟವನ್ನೂ, ರಾಮನಗರದ ರಾಮದೇವರ ಬೆಟ್ಟವನ್ನೂ, ಬೆಂಗಳೂರು ನಗರವನ್ನೂ. ಇ. ಎಂ. ಫಾರ್ಸ್ಟರರ ಕಾದಂಬರಿಯಲ್ಲಿ ಬರುವ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟ. ಲೀನ್ ಅವರಿಗೆ ಅದಕ್ಕಿಂತ ನಮ್ಮ ಬೃಹತ್ ಏಕಶಿಲೆಯೇ ಹಿಡಿಸಿತು. ಬಂಡೆಯಲ್ಲಿ ಗುಹೆಯ ಬಾಯಿಗಳನ್ನು ಕೃತಕವಾಗಿ ಮಾಡಿಸಿದರು. 1984ರಲ್ಲಿ ಚಿತ್ರ ತೆರೆಕಂಡಿತು, ಎರಡು ಆಸ್ಕರ್ ಪ್ರಶಸ್ತಿಗಳನ್ನೂ ಪಡೆಯಿತು. ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ಕುಳಿತು ನಾನು ಅದನ್ನು ನೋಡಿದೆ. ಪರದೆಯ ಮೇಲೆ ಆ ಬಂಡೆ ಎದ್ದು ನಿಂತಾಗ ಗೆಳೆಯನೊಬ್ಬನು “ಅಯ್ಯೋ, ನಮ್ಮ ಸಾವಂದಿ!” ಎಂದು ಕೂಗಿಯೇಬಿಟ್ಟನು. ಹಿಂದಿನ ಸಾಲಿನವರು ಸುಮ್ಮನಿರಿಸಿದರು. ಲೋಕಕ್ಕೆ ಅದು ಮರಬಾರ್. ಅದೇ ರೀತಿ ರಾಮದೇವರ ಬೆಟ್ಟದ ತಪ್ಪಲು 1975ರ ‘ಶೋಲೆ’ಯಿಂದ ದೇಶಕ್ಕೆಲ್ಲ ರಾಮಗಡವಾಯಿತು. ಆ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆಂದು, ಅದನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಿದುದನ್ನು ಬಲ್ಲವರು ಎಷ್ಟು ಮಂದಿ? ಗಬ್ಬರ್‌ಸಿಂಗನ ಬಂಡೆ ಯಾವುದೆಂದು ಕೇಳಿ ಬರುವವರೇ ಹೆಚ್ಚು.

ಮುಖವನ್ನು ಮಾರಿ ಹೆಸರನ್ನು ಕಳೆದುಕೊಳ್ಳುವ ಈ ವ್ಯಾಪಾರ ನಮ್ಮ ನಾಡಿನಲ್ಲಿ ಇನ್ನೂ ಹಳೆಯದು. 1935ರ ಸುಮಾರಿಗೆ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರಕಾರರು ಲಂಡನ್ ಸಂಸ್ಥೆಯೊಂದರ ಪರವಾಗಿ ಮೈಸೂರಿಗೆ ಬಂದು ‘ಎಲಿಫೆಂಟ್ ಬಾಯ್’ ಚಿತ್ರದ ಹೊರಾಂಗಣ ಭಾಗವನ್ನು ತೆಗೆದರು. ಕಥೆ ಕಿಪ್ಲಿಂಗರದು, ಆನೆಗಳು ಮೈಸೂರು ಸಂಸ್ಥಾನದವು. ನಾಯಕನಾಗಿ ದೊರೆತವನು ಕಾರಾಪುರದ ಮಾವುತನೊಬ್ಬನ ಮಗ, ತಬ್ಬಲಿ ಹುಡುಗ ಸಾಬು. ಉಳಿದ ಭಾಗದ ಚಿತ್ರೀಕರಣಕ್ಕಾಗಿ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು. 1937ರಲ್ಲಿ ಚಿತ್ರವು ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಗಳಿಸಿತು. ಸಾಬು ಮುಂದೆ ಹಾಲಿವುಡ್ಡಿನ ತಾರೆಯಾಗಿ, 1944ರಲ್ಲಿ ಅಮೆರಿಕದ ಪೌರನಾಗಿ, ಯುದ್ಧಕಾಲದಲ್ಲಿ ಆ ದೇಶದ ವಾಯುಪಡೆಯಲ್ಲಿ ದುಡಿದು, 1963ರಲ್ಲಿ 39ನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಆ ಬಾಲಕನಿಗೆ ದೊರೆತುದು ಭಾಗ್ಯವೆನ್ನಬೇಕೇ, ವನವಾಸವೆನ್ನಬೇಕೇ ಎಂಬುದನ್ನು ನಾನು ನಿರ್ಣಯಿಸಲಾರೆ. ಚಿತ್ರ ನೋಡಿದ ಲಕ್ಷಾಂತರ ಜನರಲ್ಲಿ ಕಾರಾಪುರದ ಹೆಸರನ್ನು ಕೇಳಿದವರು ಬೆರಳೆಣಿಕೆಯವರು.

ಇದಕ್ಕೆ ಇದಿರಾದ ಉದಾಹರಣೆಯೂ ನಮ್ಮಲ್ಲುಂಟು. 1970ರ ‘ಸಂಸ್ಕಾರ’ ಚಿತ್ರಕ್ಕೆ ಕ್ಯಾಮರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕವನ್. ಕಥೆ ಅನಂತಮೂರ್ತಿಯವರದು, ನಿರ್ದೇಶನ ಪಟ್ಟಾಭಿರಾಮ ರೆಡ್ಡಿಯವರದು, ಮಾತು ಕನ್ನಡ, ಮಲೆನಾಡು ಮಲೆನಾಡಾಗಿಯೇ ಇದ್ದಿತು. ರಾಷ್ಟ್ರದ ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವು ಕನ್ನಡಕ್ಕೆ ಮೊದಲು ದೊರೆತುದು ಆ ಚಿತ್ರದಿಂದ. ಕಣ್ಣು ಪರದೇಶದ್ದಾದರೂ ಮಾತು ನಮ್ಮದಾಗಿದ್ದರೆ ಊರು ಕೆಡುವುದಿಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ.

ಹಾಗೆಂದು ಹೊರಗಿನವರು ನಮ್ಮನ್ನು ಹೊಗಳಿಯೇ ತೋರಿಸಬೇಕೆಂಬ ಹಟವೂ ಸಲ್ಲದು. ಫ್ರಾನ್ಸಿನ ಲೂಯಿ ಮಾಲ್ ಎಂಬವರ ಭಾರತ ಕುರಿತ ಸಾಕ್ಷ್ಯಚಿತ್ರಮಾಲೆಯನ್ನು ಬಿಬಿಸಿ ಪ್ರಸಾರ ಮಾಡಿದಾಗ, ಬಡತನವನ್ನೇ ತೋರಿಸಿದರೆಂದು ಮುನಿದ ನಮ್ಮ ಸರ್ಕಾರವು 1970ರಲ್ಲಿ ಆ ಸಂಸ್ಥೆಯ ದೆಹಲಿ ಕಚೇರಿಯನ್ನೇ ಮುಚ್ಚಿಸಿತು. ‘ಇಂಡಿಯಾನಾ ಜೋನ್ಸ್’ ಮಾಲಿಕೆಯ ಎರಡನೆಯ ಚಿತ್ರದ ಕಥೆಗೆ ಸರ್ಕಾರ ಆಕ್ಷೇಪವೆತ್ತಿದುದರಿಂದ ಚಿತ್ರತಂಡ ಶ್ರೀಲಂಕೆಗೆ ಹೋಗಿ, ಕ್ಯಾಂಡಿಯ ಬಳಿ ಭಾರತದ ಹಳ್ಳಿಯನ್ನು ನಿರ್ಮಿಸಿಕೊಂಡಿತು. ಆ ಕಥೆ ನಿಜಕ್ಕೂ ನಮ್ಮ ದೇವತೆಗಳಿಗೆ ಮಾಡಿದ ಅಪಚಾರ, ಆಕ್ಷೇಪ ಯುಕ್ತವೇ. ಆದರೆ ದೀಪಾ ಮೆಹ್ತಾ ಅವರ ‘ವಾಟರ್’ ಚಿತ್ರದ ವಿಷಯ ಬೇರೆ. ಕಾಶಿಯ ವಿಧವೆಯರ ಬಾಳನ್ನು ಕುರಿತ ಆ ಚಿತ್ರದ ಕೆಲಸ 2000ದಲ್ಲಿ ಪ್ರತಿಭಟನೆಗಳಿಂದ ನಿಂತುಹೋಗಿ, ಕೊನೆಗೆ ಅದೂ ಶ್ರೀಲಂಕೆಯಲ್ಲಿ ಬೇರೆ ಹೆಸರಿನ ಮರೆಯಲ್ಲಿ ಚಿತ್ರಿತವಾಗಿ 2005ರಲ್ಲಿ ಹೊರಬಂದಿತು. ವಿಧವೆಯರ ಕಣ್ಣೀರನ್ನು ಚಿತ್ರಿಸಲು ನಮ್ಮಲ್ಲಿ ಸ್ಥಳ ಸಿಗಲಿಲ್ಲ. ಮುಂದೆ ಎಂಟೇ ವರ್ಷಗಳಲ್ಲಿ ಕುದ್ರೋಳಿಯ ಗರ್ಭಗುಡಿಯಲ್ಲಿ ವಿಧವೆಯರು ಮಂಗಳಾರತಿ ಎತ್ತಿದರು. ಆ ಸುದ್ದಿಯನ್ನು ಹಿಡಿದು ಕಾನ್ ಉತ್ಸವದ ಮಳಿಗೆಗೆ ಯಾರೂ ಹೋದಂತಿಲ್ಲ. ಥಾಯ್ಲೆಂಡಿನಂತೆ ಕಾಣುತ್ತದೆ ಎಂಬುದಕ್ಕಿಂತ ಇದು ದೊಡ್ಡ ಆಕರ್ಷಣೆಯಲ್ಲವೇ ಎಂದು ಸೋದರಳಿಯನನ್ನು ಕೇಳಿದೆ. ಅವನು ಪೆನ್ನನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದನು.

ಮರುದಿನ ಉತ್ತರಕ್ಕೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ನದಿಯೊಳಗೆ ಶತ್ರುಗಳ ನೌಕೆ ನುಗ್ಗದಂತೆ 1784ರಲ್ಲಿ ಟಿಪ್ಪು ಸುಲ್ತಾನನು ಕರಿಯ ಕಲ್ಲಿನಿಂದ ಕಟ್ಟಿಸಿದ ಕಾವಲು ಬುರುಜು ಅದು. ಅದರ ಪಕ್ಕದಿಂದಲೇ ದೋಣಿ ತಣ್ಣೀರುಬಾವಿಯ ತೀರಕ್ಕೆ ದಾಟಿಸುತ್ತದೆ. ದೋಣಿಯವರೊಡನೆ ಮಾತಿಗಿಳಿದೆ. ಸಿನಿಮಾದವರು ಇಲ್ಲಿಗೆ ಬಂದದ್ದುಂಟೇ ಎಂದುದಕ್ಕೆ, “ಬರ್ತಾರೆ ಸ್ವಾಮಿ, ತುಳುವಿನವರು ಬರ್ತಾರೆ, ಕನ್ನಡದವರೂ ಬರ್ತಾರೆ. ಬಾಡಿಗೆ ಕೊಟ್ಟರೆ ದೋಣಿ ಕೊಡುವ. ಆದ್ರೆ ಅವರು ಇಡೀ ದಿವಸ ಕಡವು ಬಂದ್ ಮಾಡಿ ಅಂತಾರೆ. ಆಚೆ ಬದಿಯ ಹೆಂಗಸರು ಸಂತೆಗೆ ಹೋಗುವುದು ಹೇಗೆ? ಮಕ್ಕಳು ಶಾಲೆಗೆ ಹೋಗುವುದು ಹೇಗೆ?” ಎಂದರು. ಇಷ್ಟು ಸರಳವಾದ ಪ್ರಶ್ನೆ ಯಾವ ಪುಸ್ತಿಕೆಯಲ್ಲಿಯೂ ಇರದು. ಪರವಾನಗಿಯನ್ನು ದೆಹಲಿ ಕೊಡುತ್ತದೆ, ಬೆಂಗಳೂರು ಕೊಡುತ್ತದೆ. ಕಡವು ಮಾತ್ರ ತಣ್ಣೀರುಬಾವಿಯವರದು.

ತೀರದ ವಿಷಯ ಬಂದಾಗ ಥಾಯ್ಲೆಂಡಿನ ಮಾಯಾ ಕೊಲ್ಲಿಯ ಕಥೆಯನ್ನು ಹೇಳದಿರಲಾಗದು. 2000ದಲ್ಲಿ ತೆರೆಕಂಡ ‘ದಿ ಬೀಚ್’ ಎಂಬ ಹಾಲಿವುಡ್ ಚಿತ್ರ ಅಲ್ಲಿ ತಯಾರಾಯಿತು. ದೃಶ್ಯಕ್ಕೆ ಒಪ್ಪುವಂತೆ ತಂಡದವರು ದಿಬ್ಬವನ್ನು ತಿದ್ದಿ ತೆಂಗು ನೆಟ್ಟರು. ಊರವರು ನ್ಯಾಯಾಲಯಕ್ಕೆ ಹೋದರು. ಚಿತ್ರ ನೋಡಿ ಮರುಳಾದ ಪ್ರವಾಸಿಗರು ದಿನವೂ ಸಾವಿರಗಟ್ಟಲೆ ನುಗ್ಗಿ, ದೋಣಿಗಳ ಲಂಗರು ತಾಗಿ ಹವಳದ ದಿಬ್ಬಗಳು ನಾಶವಾದವು. ಕೊನೆಗೆ 2018ರಲ್ಲಿ ಸರ್ಕಾರ ಆ ಕೊಲ್ಲಿಯನ್ನು ಮುಚ್ಚಿತು. ತೆರೆದುದು 2022ರಲ್ಲಿ, ಅದೂ ಕಟ್ಟುನಿಟ್ಟಾದ ಮಿತಿಗಳೊಡನೆ. ಜಾಹೀರಾತು ಫಲಿಸದಿದ್ದರೆ ನಷ್ಟ ಪುಸ್ತಿಕೆಯ ಮುದ್ರಣವೆಚ್ಚ ಮಾತ್ರ. ಫಲಿಸಿಬಿಟ್ಟರೆ ಏನಾಗುವುದೆಂಬುದನ್ನೇ ನಾವು ಮೊದಲು ಯೋಚಿಸಬೇಕಾಗಿದೆ.

ತುಳುನಾಡು ಇದನ್ನು ಈಗಾಗಲೇ ಸ್ವಲ್ಪ ಅನುಭವಿಸಿದೆ. ಕುಂದಾಪುರದ ಕಡೆಯ ಕೆರಾಡಿಯಲ್ಲಿ ತೆಗೆದ ‘ಕಾಂತಾರ’ 2022ರಲ್ಲಿ ದೇಶದ ಹೊರಗೂ ಹೆಸರು ಮಾಡಿದ ಮೇಲೆ ದೈವದ ವೇಷ, ಕೂಗುಗಳನ್ನು ಬೀದಿಗಳಲ್ಲಿ, ಚಿತ್ರಮಂದಿರಗಳಲ್ಲಿ ಅನುಕರಿಸುವವರು ಕಾಣಿಸಿಕೊಂಡರು. 2025ರ ಅಕ್ಟೋಬರಿನಲ್ಲಿ ಅದರ ಮುಂದಿನ ಚಿತ್ರ ಬಂದಾಗ, ದೈವಗಳ ಅನುಕರಣೆ ಮಾಡಬಾರದೆಂದು ನಿರ್ಮಾಣ ಸಂಸ್ಥೆಯೇ ಪ್ರೇಕ್ಷಕರಲ್ಲಿ ಮನವಿ ಮಾಡಬೇಕಾಯಿತು. ಭೂತಾರಾಧನೆ ಮಾಡುವ ಕುಟುಂಬಗಳಿಗೆ ಅದು ವೇಷವಲ್ಲ, ವ್ರತ. ನೆಲದ ಮಕ್ಕಳೇ, ನೆಲದ ಭಾಷೆಯಲ್ಲಿ, ಭಕ್ತಿಯಿಂದ ತೆಗೆದ ಚಿತ್ರಕ್ಕೆ ಇಂತಹ ಪರಿಣಾಮವಾದರೆ, ಭಾಷೆಯೂ ತಿಳಿಯದ ತಂಡ ಬಂದಾಗ ಎಚ್ಚರ ಇಮ್ಮಡಿಯಾಗಬೇಡವೇ?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ನಾನು ಬಾಗಿಲು ಹಾಕ ಬಯಸುವವನೆಂದು ಯಾರೂ ತಿಳಿಯಬಾರದು. ಕರಾವಳಿಯ ಓದಿದ ಮಕ್ಕಳು ಕೆಲಸಕ್ಕಾಗಿ ಮುಂಬಯಿ, ದುಬಾಯಿ ಎಂದು ಹೊರಡುವುದು ಇಂದಿಗೂ ನಿಂತಿಲ್ಲ. ಒಂದು ತಂಡ ಎರಡು ತಿಂಗಳು ಊರಿನಲ್ಲಿ ನಿಂತರೆ ನೂರಾರು ಮನೆಗಳಿಗೆ ಅನ್ನ. ಬಡಗಿಗಳು, ವಿದ್ಯುತ್ ಕೆಲಸದವರು, ಹೊಲಿಗೆಯವರು, ಯಕ್ಷಗಾನದ ಬಣ್ಣಗಾರರು ಇವರ ಕೈಚಳಕಕ್ಕೆ ತಕ್ಕ ಬೆಲೆ ಬಂದರೆ ಸಂತೋಷಪಡುವವರಲ್ಲಿ ನಾನೂ ಒಬ್ಬ. ರಾಷ್ಟ್ರ ಚಲನಚಿತ್ರ ಪ್ರಶಸ್ತಿಗಳಲ್ಲಿ ಚಿತ್ರಸ್ನೇಹಿ ರಾಜ್ಯವೆಂಬ ಗೌರವವು ಗುಜರಾತ್, ಉತ್ತರ ಪ್ರದೇಶ, ಮಧ್ಯ ಪ್ರದೇಶ, ಉತ್ತರಾಖಂಡ, ಸಿಕ್ಕಿಂಗಳಿಗೆ ದೊರೆತಾಗ ನಮ್ಮ ಹೆಸರು ಅಲ್ಲಿಲ್ಲವಲ್ಲ ಎಂದು ನನಗೂ ಅನ್ನಿಸಿತ್ತು. ಕರೆಯಬೇಕು, ಕರೆಯುವಾಗ ಮನೆಯ ಯಜಮಾನರಂತೆ ಕರೆಯಬೇಕು.

ಮೂರನೆಯ ದಿನ ಮಧ್ಯಾಹ್ನ ವಸತಿಗೃಹದ ಮೇಜಿನ ಮೇಲೆ ಕುದ್ರೋಳಿಯ ಪುಟವನ್ನು ಬರೆದು ಮುಗಿಸಿದೆ. ಮೊದಲ ಸಾಲಿಗೆ 1912 ಬಂದಿತು, ಎರಡನೆಯದಕ್ಕೆ 2013. ನದಿ, ಬುರುಜು, ದಸರೆಯ ದೀಪಗಳು, ಹೆಂಚಿನ ಮನೆಗಳು ಅನಂತರ. ಕಡವು ಬಳಸುವ ತಂಡದವರು ಬೆಳಗ್ಗೆ ಮತ್ತು ಸಂಜೆ ದಾಟುವ ಜನರಿಗೆ ಅಡ್ಡಿ ಮಾಡಬಾರದೆಂದೂ, ಗರ್ಭಗುಡಿಯಲ್ಲಿ ಚಿತ್ರೀಕರಣವನ್ನು ಕೇಳಬಾರದೆಂದೂ, ನವರಾತ್ರಿಯಲ್ಲಿ ಬಂದವರು ಮೂರ್ತಿಗಳ ಸ್ಥಾನವನ್ನು ದೃಶ್ಯಕ್ಕಾಗಿ ಬದಲಿಸಲು ಹೇಳಬಾರದೆಂದೂ, ಊರವರಿಗೆ ಕೊಡುವ ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಬೇಕೆಂದೂ ಸೂಚಿಸಿದೆ. ಕೊನೆಯಲ್ಲಿ, ಚಿತ್ರದಲ್ಲಿ ಈ ಸ್ಥಳಕ್ಕೆ ಯಾವ ಹೆಸರನ್ನಾದರೂ ಕೊಡಲಿ, ಮುಕ್ತಾಯದ ಹೆಸರುಗಳ ಪಟ್ಟಿಯಲ್ಲಿ ಕುದ್ರೋಳಿ, ಮಂಗಳೂರು, ಕರ್ನಾಟಕ ಎಂದು ಕಾಣಿಸತಕ್ಕದ್ದು ಎಂಬ ಒಂದು ಷರತ್ತನ್ನು ಸೇರಿಸಿದೆ.

ಸೋದರಳಿಯನು ಓದಿ, ಥಾಯ್ಲೆಂಡಿನ ಸಾಲನ್ನು ತಾನೇ ಹೊಡೆದುಹಾಕಿದನು. ಷರತ್ತುಗಳ ಭಾಗ ಉದ್ದವಾಯಿತು, ವಿನ್ಯಾಸದವನು ಅಕ್ಷರವನ್ನು ಸಣ್ಣದು ಮಾಡುತ್ತಾನೆ ಎಂದನು. ಬ್ಯಾಂಕಿನ ವಿಷಯ ಪುಸ್ತಿಕೆಯಲ್ಲಿ ಬೇಡ, ಒಪ್ಪಂದದ ಪತ್ರದಲ್ಲಿ ಹಾಕುತ್ತೇನೆ ಎಂದನು. ಅದಕ್ಕೆ ನಾನು ಒಪ್ಪಿದೆ. ಹೆಸರಿನ ಷರತ್ತನ್ನು ಮಾತ್ರ ಉಳಿದ ನಲವತ್ತೊಂಬತ್ತು ಪುಟಗಳಿಗೂ ಹಾಕಬಹುದೇ ಎಂದು ಕೇಳಿದಾಗ, ಬೆಂಗಳೂರಿಗೆ ಹೋಗಿ ಪಾಲುದಾರರನ್ನು ವಿಚಾರಿಸಬೇಕು ಎಂದನು. ಅವರು ಒಪ್ಪಿದರೆ ಮುಂದಿನ ಪುಟ ಸಾವನದುರ್ಗದ್ದು. ಅದಕ್ಕೆ ಬೇಕಾದ ಶಾಸನಗಳ ಪಾಠಗಳನ್ನು ನಾನು ಈಗಲೇ ತೆಗೆದಿಟ್ಟುಕೊಂಡಿದ್ದೇನೆ.